ಪ್ರಥಮ ದರ್ಜೆಯಲ್ಲಿ ನಮ್ಮ ಸೋದರತ್ತೆ

ವಾಚಕರು ಚಳ್ಳಕೆರೆಯನ್ನು ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದಲೂ, ಮೊಳಕಾಲ್ಮುರುವನ್ನು ರೇಷ್ಮೆ ಸೀರೆಗಳಿಂದಲೂ ಬಲ್ಲರು. ನಾಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಇವೆರಡೂ ಸೇರಿವೆಯೆಂಬುದನ್ನೂ ಬಲ್ಲರು. ಇಂತಹ ಸೀಮೆಯವರಾದ ನಾವು ವಿಮಾನದ ಪ್ರಥಮ ದರ್ಜೆಯ ಭೋಗವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವರು ನಗಬಹುದು. ನಗಲಿ. ಆ ದರ್ಜೆಯಲ್ಲಿ ಕುಳಿತವರು ನಾವಲ್ಲ, ನಮ್ಮ ಸೋದರತ್ತೆ. ನಾವು ಅದೇ ವಿಮಾನದ ಹಿಂಭಾಗದಲ್ಲಿ, ಮುಂದಿನವರ ಆಸನದ ಬೆನ್ನಿಗೆ ಮೊಣಕಾಲು ತಗುಲಿಸಿಕೊಂಡು ಹದಿನಾರು ಗಂಟೆ ಕಳೆದವರು.

ನಮ್ಮ ಸೀಮೆಗೂ ಆಕಾಶಯಾನಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. 1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತು ಮುಂಬಯಿಗೆ ಹಾರಿ ಬಂದ ಸಂಗತಿ ಪ್ರಸಿದ್ಧವಾದುದು. ಅಲ್ಲಿಂದ ಮುಂದಕ್ಕೆ ಆ ಅಂಚೆಯನ್ನು ನೆವಿಲ್ ವಿನ್ಸೆಂಟರು ಮದರಾಸಿಗೆ ಒಯ್ದರು. ಒಯ್ದದ್ದು ಬಳ್ಳಾರಿಯ ಮಾರ್ಗವಾಗಿ. ಬಳ್ಳಾರಿಯೆಂದರೆ ಮೊಳಕಾಲ್ಮುರಿಗೆ ಸಂತೆಗೆ ಹೋಗಿ ಬರುವಷ್ಟು ದೂರ. ಭಾರತದ ಮೊದಲನೆಯ ವಿಮಾನ ಸಂಸ್ಥೆಯ ಮೊದಲನೆಯ ಯಾನದಲ್ಲಿ ನಮ್ಮ ನೆರೆಯ ಊರಿಗೊಂದು ನೆಲೆ ದೊರೆತಿದ್ದಿತು. ಆ ವಿಮಾನದಲ್ಲಿ ದರ್ಜೆಗಳೆಂಬುದಿರಲಿಲ್ಲ. ಸವಾರರೆಂದರೆ ಕಾಗದಗಳೇ.

ಇನ್ನು ನಮ್ಮ ಅತ್ತೆಯ ವಿಷಯ. ಆಕೆಗೆ ಆಗ ಎಪ್ಪತ್ತೆರಡು ವರುಷ. ಆಕೆಯ ಮನೆಯಲ್ಲಿ ಎರಡು ಗುಂಡಿ ಮಗ್ಗಗಳುಂಟು. ಮದುವೆಯಾಗಿ ಬಂದಂದಿನಿಂದ ಕಂಡಿಕೆ ಸುತ್ತಿ ಸುತ್ತಿ ಆಕೆಯ ಬೆರಳುಗಳು ಸವೆದಿವೆ. ನೆಲದ ಮೇಲೆ ಕುಳಿತು ಕುಳಿತು ಮೊಣಕಾಲುಗಳೂ ಸವೆದಿವೆ. ಯಾರಾದರೂ ಕಾಲು ಹೇಗಿದೆಯೆಂದು ಕೇಳಿದರೆ, "ಊರಿನ ಹೆಸರಿನಾಗೇ ಮೊಳಕಾಲು ಐತಲ್ಲಪ್ಪ, ಮುರೀದೆ ಬಿಡತೈತಾ?" ಎಂದು ನಗುವಳು. ಹಿರಿಯ ಮಗ ಕ್ಯಾಲಿಫೋರ್ನಿಯದಲ್ಲಿ ಯಂತ್ರಗಣಕದ ಉದ್ಯೋಗದಲ್ಲಿರುವನು. ಕಿರಿಯವನು ಮನೆಯಲ್ಲಿಯೇ ಉಳಿದು ಮಗ್ಗ ನಡೆಸುವನು.

2019ರಲ್ಲಿ ಆಕೆ ಒಮ್ಮೆ ಸಾಮಾನ್ಯ ದರ್ಜೆಯಲ್ಲಿ ಮಗನ ಬಳಿಗೆ ಹೋಗಿ ಬಂದಳು. ಹೋದಾಗಲೂ ಬಂದಾಗಲೂ ಕಾಲುಗಳು ಬಾಳೆದಿಂಡಿನಂತೆ ಊದಿಕೊಂಡುವು. ಬಂದ ಮೇಲೆ ಎಂಟು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಇನ್ನು ಆ ಯಂತ್ರವನ್ನು ಹತ್ತುವುದಿಲ್ಲವೆಂದು ಮನೆದೇವರ ಮುಂದೆ ಹೇಳಿಬಿಟ್ಟಳು. ಆದರೆ 2023ರಲ್ಲಿ ಹಿರಿಯ ಮಗನಿಗೆ ಹೆಣ್ಣುಮಗು ಹುಟ್ಟಿತು. ಅವನ ವೀಸಾ ಕಾಗದಗಳು ನಡುವಿನಲ್ಲಿ ಸಿಕ್ಕಿಕೊಂಡಿದ್ದುದರಿಂದ ಅವನು ದೇಶ ಬಿಟ್ಟು ಹೊರಡುವಂತಿರಲಿಲ್ಲ. ಮೊಮ್ಮಗಳನ್ನು ಆಕೆ ಕೈಯಗಲದ ಗಾಜಿನಲ್ಲಿ ನೋಡುತ್ತ ಒಂದು ವರುಷ ಕಳೆದಳು. "ಎತ್ತಿಕೊಳ್ಳದೆ ಹೋಗಿಬಿಡತೀನೇನೋ" ಎಂಬ ಮಾತು ಒಂದು ದಿನ ಬಾಯಿಂದ ಬಂದುಹೋಯಿತು. ಅದನ್ನು ಕೇಳಿದ ಮಗನು ತಾಯಿಯು ಬರುವ ಪ್ರಯಾಣಕ್ಕೆ ಪ್ರಥಮ ದರ್ಜೆಯ ಟಿಕೇಟನ್ನೇ ಕೊಳ್ಳುವೆನೆಂದು ಹಟ ಹಿಡಿದನು. ಒಂದು ಕಡೆಯ ಪ್ರಯಾಣಕ್ಕೇ ನಾಲ್ಕೈದು ಲಕ್ಷ ರೂಪಾಯಿ!

ಆ ಮೊತ್ತವನ್ನು ಕೇಳಿದ ಕಿರಿಯವನು ಲಾಳಿಯನ್ನು ಕೆಳಗಿಟ್ಟನು. ಮಗ್ಗದ ಮನೆಯ ತಗಡಿನ ಸೂರು ಮೂರು ಮಳೆಗಾಲದಿಂದ ಸೋರುತ್ತಿದ್ದಿತು. ಅಪರೂಪಕ್ಕೆ ಬೀಳುವ ಮಳೆಯೂ ನೇರವಾಗಿ ಹಾಸಿನ ಮೇಲೆಯೇ ಬೀಳುವುದು. ನೀರು ಕಂಡ ರೇಷ್ಮೆ ಮತ್ತೆ ಸೀರೆಯಾಗುವುದಿಲ್ಲ. "ಒಂದು ರಾತ್ರಿ ಮಲಗಾಕೆ ಆಟು ದುಡ್ಡೇ? ಇಲ್ಲಿ ವರ್ಷವೆಲ್ಲ ಮಲಗೋ ಸೂರು ಸೋರತೈತೆ" ಎಂದನು. ಆ ಮಾತಿನಲ್ಲಿ ಅಣ್ಣನ ಮೇಲಿನ ಕೋಪವೂ ಇದ್ದಿತು, ಉಳಿದವನ ದುಃಖವೂ ಇದ್ದಿತು. ಮನೆಯವರೆಲ್ಲರೂ ನಮ್ಮನ್ನು ಕೇಳಿದರು. ನಾವೂ ಅದೇ ತಿಂಗಳು ಮಗಳ ಮನೆಗೆ ಅದೇ ದಿಕ್ಕಿಗೆ ಹೊರಟವರಾದುದರಿಂದ ತೀರ್ಪು ಹೇಳುವ ಭಾರ ನಮ್ಮ ಮೇಲೆ ಬಿದ್ದಿತು. ನಿಜವನ್ನು ಒಪ್ಪಿಕೊಳ್ಳುವೆವು: ನಮ್ಮ ಮೊದಲ ಅಭಿಪ್ರಾಯ ಕಿರಿಯವನ ಪಕ್ಷದಲ್ಲಿಯೇ ಇದ್ದಿತು.

ಈ ಪ್ರಥಮ ದರ್ಜೆಯೆಂಬುದು ಹೇಗೆ ಬಂದಿತೆಂಬುದನ್ನು ಸ್ವಲ್ಪ ನೋಡೋಣ. ಮೊದಮೊದಲು ವಿಮಾನದಲ್ಲಿ ಹೋಗುವವರೆಲ್ಲರೂ ಶ್ರೀಮಂತರೇ ಆಗಿದ್ದುದರಿಂದ ಬೇರೆ ದರ್ಜೆಯ ಅವಶ್ಯಕತೆಯೇ ಇರಲಿಲ್ಲ. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನವು ಮುಂಬಯಿಂದ ಕೈರೋ, ಜಿನೀವಾಗಳ ಮೂಲಕ ಲಂಡನ್ನಿಗೆ ಹಾರಿ ನಮ್ಮ ದೇಶದ ಪರದೇಶಯಾನಕ್ಕೆ ಆರಂಭವಾಯಿತು. 1952ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಅಗ್ಗದ 'ಟೂರಿಸ್ಟ್' ದರ್ಜೆ ಬಂದಿತು. ಅಲ್ಲಿಂದೀಚೆಗೆ ಮುಂದೆ ಕುಳಿತವರು, ಹಿಂದೆ ಕುಳಿತವರು ಎಂಬ ಭೇದ ಬೆಳೆಯುತ್ತ ಹೋಯಿತು. 1971ರಲ್ಲಿ ಏರ್ ಇಂಡಿಯಾದವರು ತಂದ ಮೊದಲನೆಯ ಜಂಬೋ ವಿಮಾನಕ್ಕೆ ಮೇಲಂತಸ್ತಿನಲ್ಲಿ ದಿವಾನಖಾನೆಯಿದ್ದಿತು, ಕಿಟಕಿಗಳ ಸುತ್ತ ಹೊರಗೆ ಅರಮನೆಯ ಝರೋಖಗಳ ಚಿತ್ರವಿದ್ದಿತು. ಅದರ ಹೆಸರು 'ಎಂಪರರ್ ಅಶೋಕ'. 1978ರ ಹೊಸವರ್ಷದ ದಿನ ಅದು ಮುಂಬಯಿಯ ಕಡಲಿನಲ್ಲಿ ಬಿದ್ದು 213 ಜನ ಮಡಿದರು.

ಆ ಹೆಸರನ್ನು ಓದಿದಾಗಲೆಲ್ಲ ನಮಗೆ ನಮ್ಮ ಬ್ರಹ್ಮಗಿರಿಯ ನೆನಪಾಗುವುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸರು ಅವನ್ನು ಬೆಳಕಿಗೆ ತಂದರು. ಸ್ವರ್ಗವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಲಭಿಸುವುದೆಂಬ ಅಭಿಪ್ರಾಯ ಆ ಬಂಡೆಗಳ ಮೇಲಿದೆ. ಅವನ ಹೆಸರನ್ನು ಹೊತ್ತ ವಿಮಾನದ ಮೇಲಂತಸ್ತಿನಲ್ಲಿ ಮಾತ್ರ ಆ ನಿಯಮ ನಡೆಯುತ್ತಿರಲಿಲ್ಲ!

ಕನ್ನಡನಾಡಿನಲ್ಲಿಯೇ ಈ ಎರಡು ದಾರಿಗಳನ್ನು ಹಿಡಿದವರುಂಟು. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಸ್ಥಾಪಿಸಿ, ಬಸ್ಸಿನಲ್ಲಿ ಹೋಗುವವರನ್ನು ವಿಮಾನ ಹತ್ತಿಸಹೊರಟರು. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಸಂಸ್ಥೆ 2008ರ ಸೆಪ್ಟೆಂಬರಿನಲ್ಲಿ ಮಲಗುವ ಆಸನಗಳೊಡನೆ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. 2012ರಲ್ಲಿ ಅದರ ವಿಮಾನಗಳೆಲ್ಲ ನಿಂತುವು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲರ ನಾಯಕತ್ವದಲ್ಲಿ ಹೆಂಗಸರೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲೆ ಹಾದು ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ಸಂಸ್ಥೆಯ ಎರಡಂತಸ್ತಿನ ಏರ್‌ಬಸ್ 380 ದೇವನಹಳ್ಳಿಯ ನಿಲ್ದಾಣದಲ್ಲಿಳಿಯಿತು. ಆ ವಿಮಾನದ ಒಳಗಣ ಹಂಚಿಕೆಯನ್ನು ಗಮನಿಸಬೇಕು: ಮೂರು ದರ್ಜೆಗಳ ವಿಮಾನದಲ್ಲಿ ಪ್ರಥಮ ದರ್ಜೆಗೆ ಕದವಿರುವ 14 ಕೋಣೆಗಳು, ನಡುವಣ 'ಬಿಸಿನೆಸ್' ದರ್ಜೆಗೆ 76 ಆಸನಗಳು, ಉಳಿದ ನಾನೂರರಷ್ಟು ಜನ ಕೆಳಗೆ, ಒಂದೊಂದು ಸಾಲಿಗೆ ಮೂರಡಿಗಿಂತಲೂ ಕಡಿಮೆ ಸ್ಥಳದಲ್ಲಿ. ಹದಿನಾಲ್ಕು ಜನರಿಗಾಗಿ ಎರಡು ಸ್ನಾನದ ಮನೆಗಳು.

ಇಷ್ಟನ್ನು ತಿಳಿದ ಮೇಲೆ ನಮ್ಮ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. ಅದನ್ನು ಸಡಿಲಿಸಿದವರು ಚಳ್ಳಕೆರೆಯ ವೈದ್ಯರೊಬ್ಬರು. ವಿಮಾನವು ಮೂವತ್ತೈದು ನಾಲ್ವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಹೊರಗೆ ಶೂನ್ಯಕ್ಕಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಿರುವುದು. ಒಳಗೆ ಗಾಳಿಯನ್ನು ಒತ್ತಿ ತುಂಬಿದರೂ ಅದು ನೆಲದ ಮೇಲಿನ ಗಾಳಿಯಷ್ಟು ಸಾಂದ್ರವಾಗಿರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಂತೆ ಇರುವುದು. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ, ಅದಕ್ಕೂ ಸ್ವಲ್ಪ ಮೇಲೋ ರಾತ್ರಿಯೆಲ್ಲ ಕುಳಿತಂತೆ. ಒಳಗಣ ತೇವವಾದರೋ ನಮ್ಮ ಚಳ್ಳಕೆರೆಯ ಬೇಸಗೆಯ ಗಾಳಿಯನ್ನು ನಾಚಿಸುವಷ್ಟು ಕಡಿಮೆ. ಇದರ ಮೇಲೆ ಕಾಲು ಕೆಳಗೆ ಬಿಟ್ಟುಕೊಂಡು ಅಲುಗಾಡದೆ ಕುಳಿತರೆ ರಕ್ತವು ಕಾಲಿನಲ್ಲಿಯೇ ನಿಲ್ಲುವುದು, ಕೆಲವರಲ್ಲಿ ಹೆಪ್ಪುಗಟ್ಟುವುದು. ನಾಲ್ಕು ಗಂಟೆಗೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಇಮ್ಮಡಿಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದೆ. ಅಪಾಯ ಹೆಚ್ಚಿದರೂ ಆರು ಸಾವಿರ ಜನರಲ್ಲಿ ಒಬ್ಬರಿಗೆಂಬಷ್ಟು. ಆದರೆ ವಯಸ್ಸಾದವರು, ಮೊದಲೇ ಕಾಲು ಊದಿದವರು ಎಚ್ಚರದಿಂದಿರಬೇಕು.

ವೈದ್ಯರು ಇನ್ನೊಂದು ಮಾತನ್ನು ಹೇಳಿದರು. ಇದು ಬಡ ಆಸನದವರ ರೋಗವೆಂದು ಜನರ ನಂಬಿಕೆ. ಅದು ತಪ್ಪು. ಬಸ್ಸಿನಲ್ಲಿ, ರೈಲಿನಲ್ಲಿ, ಪ್ರಥಮ ದರ್ಜೆಯಲ್ಲಿ, ಎಲ್ಲಿಯಾದರೂ ಅಲುಗಾಡದೆ ಕುಳಿತವರಿಗೆ ಬರಬಹುದು. "ನಿಮ್ಮ ಅತ್ತೆಗೆ ಬೇಕಾದದ್ದು ಐಶ್ವರ್ಯವಲ್ಲ, ಕಾಲು ಚಾಚುವಷ್ಟು ಸ್ಥಳ, ಗಂಟೆಗೊಮ್ಮೆ ಎದ್ದು ನಡೆಯುವುದು, ನೀರು" ಎಂದರು. ಈ ಮಾತನ್ನು ಮನೆಗೆ ತಂದು ಒಪ್ಪಿಸಿದೆವು. ಕಿರಿಯ ಮಗ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹೋಗಿ ಬರಲಿ. ಅಣ್ಣ ಅವ್ವಗೆ ಕೊಡೋದನ್ನ ನಾನ್ಯಾಕೆ ಬ್ಯಾಡನ್ಲಿ" ಎಂದನು.

2024ರ ಮಾರ್ಚಿ ಕೊನೆಯ ವಾರದಲ್ಲಿ ಹೊರಟೆವು. ಚಳ್ಳಕೆರೆಯಲ್ಲಿ ಕಾಫಿಗೆ ನಿಂತಾಗ ಹೋಟೆಲಿನಲ್ಲೆಲ್ಲ ಪುಷ್ಪಕದ್ದೇ ಮಾತು. ನಾಯಕನಹಟ್ಟಿಯ ಕಡೆಯ ಹುಲ್ಲುಗಾವಲಿನಲ್ಲಿ ರಕ್ಷಣಾ ಸಂಶೋಧನೆಯವರ ವೈಮಾನಿಕ ಪರೀಕ್ಷಾ ನೆಲೆಯಿದೆ. 2017ರ ಮೇ 28ರಂದು ಅದರ ಪ್ರಾರಂಭೋತ್ಸವವಾಯಿತು. ನಾವು ಹೊರಡುವ ಕೆಲವು ದಿನ ಮೊದಲು, ಮಾರ್ಚಿ 22ರ ಬೆಳಗ್ಗೆ, ಇಸ್ರೋದವರು ರೆಕ್ಕೆಯುಳ್ಳ 'ಪುಷ್ಪಕ್' ವಾಹನವನ್ನು ವಾಯುಪಡೆಯ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ದಾರಿ ಕಂಡುಕೊಂಡು ಅಲ್ಲಿಯ ಹಾದಿಯ ಮೇಲೆ ಇಳಿಯುವುದನ್ನು ಪರೀಕ್ಷಿಸಿದ್ದರು. ಅದರೊಳಗೆ ಯಾರು ಕುಳಿತಿದ್ದರೆಂದು ಅತ್ತೆ ಕೇಳಿದಳು. ಯಾರೂ ಇಲ್ಲವೆಂದೆವು. "ಪುಷ್ಪಕ ಅಂದಮ್ಯಾಲೆ ಎಷ್ಟು ಜನ ಹತ್ತಿದ್ರೂ ಇನ್ನೊಬ್ಬರಿಗೆ ಜಾಗ ಇರಬೇಕಲ್ಲಪ್ಪ" ಎಂದಳು.

ಆ ನೆಲೆ ಇರುವ ಭೂಮಿ ಒಂದಾನೊಂದು ಕಾಲಕ್ಕೆ ಮೈಸೂರು ಅರಸರ ಅಮೃತಮಹಲ್ ದನಗಳಿಗಾಗಿ ಮೀಸಲಿಟ್ಟ ಕಾವಲು. ಯುದ್ಧಕಾಲದಲ್ಲಿ ಫಿರಂಗಿಗಳನ್ನೆಳೆದು ಶೀಘ್ರಗಮನಕ್ಕೆ ಹೆಸರಾದ ಎತ್ತುಗಳು ಅವು. ಈ ಕಾವಲಿನ ಸಾವಿರಾರು ಎಕರೆಗಳನ್ನು ಸಂಸ್ಥೆಗಳಿಗೆ ಹಂಚಿದಾಗ ಕುರಿ ದನ ಮೇಯಿಸುವವರ ದಾರಿಗೆ ಗೋಡೆ ಬಂದಿತು. ಆ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ಹಾರುವವರಿಗೂ ನೆಲವೇ ಮೊದಲು ಬೇಕಾಗುವುದಷ್ಟೆ.

ದೇವನಹಳ್ಳಿಯ ನಿಲ್ದಾಣದ ಬಿದಿರಿನ ಚಾವಣಿಯ ಎರಡನೆಯ ಕಟ್ಟಡದಲ್ಲಿ ಗಾಲಿಕುರ್ಚಿ ಬಂದಿತು. ಅತ್ತೆಯನ್ನು ಒಂದು ಬಾಗಿಲಿನಿಂದಲೂ ನಮ್ಮನ್ನು ಇನ್ನೊಂದರಿಂದಲೂ ಕರೆದೊಯ್ದರು. ಅಗಲುವಾಗ ಆಕೆ ಹೆದರಿದ್ದುದು ಹಾರಾಟಕ್ಕಲ್ಲ, ಮಾತಾಡುವವರಿಲ್ಲವಲ್ಲ ಎಂದು. ಕೈಚೀಲದಲ್ಲಿ ಕಡಲೆಕಾಯಿ ಚಟ್ನಿಪುಡಿಯ ಪೊಟ್ಟಣವಿದ್ದಿತು. ಆ ಪೊಟ್ಟಣದ ಉಪಯೋಗವನ್ನು ವಾಚಕರು ಅಲ್ಪವೆಂದೆಣಿಸಬಾರದು. ಎತ್ತರದ ಒಣಗಾಳಿಯಲ್ಲಿಯೂ ಯಂತ್ರದ ಮೊರೆತದಲ್ಲಿಯೂ ನಾಲಿಗೆಗೆ ಉಪ್ಪು, ಸಿಹಿಗಳು ಮಂದವಾಗುವುವು. ಎಂತಹ ಪಾಕಶಾಸ್ತ್ರಿಯ ಅಡಿಗೆಯೂ ಅಲ್ಲಿ ಸಪ್ಪೆಯೆನಿಸುವುದಕ್ಕೆ ಇದೇ ಕಾರಣ. ಪ್ರಥಮ ದರ್ಜೆಯವರ ನಾಲಿಗೆಗೂ ಇದರಿಂದ ವಿನಾಯಿತಿಯಿಲ್ಲ.

ದುಬಾಯಿಯಲ್ಲಿ ವಿಮಾನ ಬದಲಾಯಿಸುವಾಗ, ಪ್ರಥಮ ದರ್ಜೆಯವರ ವಿಶ್ರಾಂತಿಗೃಹವನ್ನು ಒಂದು ಸುತ್ತು ನೋಡಿ ಒಲ್ಲೆನೆಂದು, ಗಾಲಿಕುರ್ಚಿ ತಳ್ಳುವವನಿಂದ ನಮ್ಮನ್ನು ಹುಡುಕಿಸಿಕೊಂಡು ಬಂದಳು. ಆದರೆ ಆಕೆಯ ಪೂರ್ಣ ವೃತ್ತಾಂತ ನಮಗೆ ದೊರೆತದ್ದು ಸಾನ್ ಫ್ರಾನ್ಸಿಸ್ಕೋದಲ್ಲಿಳಿದ ಮೇಲೆ. ಆಕೆಗೆ ಎಲ್ಲಕ್ಕಿಂತಲೂ ಹಿಡಿಸಿದ್ದು ಆಸನದ ಅಗಲ: ಚಕ್ಕಂಬಟ್ಟಲೆ ಹಾಕಿ ಕುಳಿತಳಂತೆ! ಎಪ್ಪತ್ತು ವರುಷ ಹಾಗೆಯೇ ಕುಳಿತ ದೇಹಕ್ಕೆ ಅದೇ ಸಿಂಹಾಸನ. ರಾತ್ರಿ ಆಸನವನ್ನು ಮಂಚವಾಗಿ ಬಿಡಿಸಿ ಹಾಸಿಗೆ ಹಾಸಿಕೊಟ್ಟರು. ಆರು ಗಂಟೆ ನಿದ್ರೆ ಬಂದಿತು. ಕದವನ್ನು ಮಾತ್ರ ಮುಚ್ಚಗೊಡಲಿಲ್ಲ. "ಬಾಣಂತಿ ಕೋಣೆಯಂಗೆ ಮಾಡತಾರೆ, ಯಾರ ಮುಖಾನೂ ಕಾಣದಂಗೆ" ಎಂದು ಅದನ್ನು ಸರಿಸಿಟ್ಟು, ಹೋಗಿ ಬರುವ ಪರಿಚಾರಿಕೆಯರನ್ನು ನೋಡುತ್ತ ಕುಳಿತಳು.

ಸ್ನಾನದ ಕಥೆಯೇ ಕಥೆ. ಆ ಆಕಾಶದ ಸ್ನಾನದಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷದ ನೀರು. ಎಷ್ಟು ಉಳಿಯಿತೆಂಬುದನ್ನು ದೀಪ ತೋರಿಸುವುದು, ತೀರಿದರೆ ತಾನೇ ನಿಲ್ಲುವುದು. ಕೋಟ್ಯಧೀಶರಿಗೂ ಈ ಪಡಿತರ ತಪ್ಪದು. ಪರಿಚಾರಿಕೆಯ ಕೈಹಿಡಿದು ಹೋದ ನಮ್ಮತ್ತೆ ಕಾಲಿಗೆ ಬಿಸಿನೀರು ಬಿಟ್ಟುಕೊಂಡು ಎರಡೇ ನಿಮಿಷಕ್ಕೆ ನಿಲ್ಲಿಸಿದಳು. ಉಳಿದ ಮೂರು ನಿಮಿಷದ ನೀರು ಯಾರಿಗೆ ಹೋಗುವುದೆಂದು ಕೇಳಿದಳಂತೆ. ಆ ಹುಡುಗಿ ಮಲೆಯಾಳದವಳು, ಕನ್ನಡವನ್ನು ಸ್ವಲ್ಪ ಬಲ್ಲವಳು. ನಕ್ಕು ಉತ್ತರ ಹೇಳದೆ ಹೋದಳಂತೆ. ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಬೀದಿಯವಳಿಗೆ ಆ ಪ್ರಶ್ನೆ ಸಹಜವಾದುದು. ನಾವೂ ಉತ್ತರ ಹೇಳಲಾರದೆ ಹೋದೆವು.

ಕಾಲು ಊದಲಿಲ್ಲ. ಹೊರಗೆ ಬಂದೊಡನೆ ಮಗುವನ್ನು ಎತ್ತಿಕೊಂಡಳು. ಮಗು ಅಪರಿಚಿತ ಮುಖ ಕಂಡು ಚೀರಿತು. ಆಕೆ ಅದನ್ನು ಇಳಿಸಲಿಲ್ಲ.

ಈ ಭೋಗದ ಇನ್ನೊಂದು ಬೆಲೆಯನ್ನೂ ಹೇಳಬೇಕು. ಒಬ್ಬರಿಗಾಗಿ ಅನೇಕರ ಸ್ಥಳವನ್ನು ಮೀಸಲಿಟ್ಟರೆ ಅಷ್ಟು ಇಂಧನದ ಹೊಗೆಯೂ ಆ ಒಬ್ಬರ ಲೆಕ್ಕಕ್ಕೇ ಸೇರಬೇಕಷ್ಟೆ. ವಿಶ್ವ ಬ್ಯಾಂಕಿನ 2013ರ ಅಧ್ಯಯನವೊಂದರಲ್ಲಿ ಪ್ರಥಮ ದರ್ಜೆಯವರ ಪಾಲು ಸಾಮಾನ್ಯ ದರ್ಜೆಯವರ ಒಂಬತ್ತರಷ್ಟಾಗಬಹುದೆಂದು ಲೆಕ್ಕ ಹಾಕಿದ್ದಾರೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಸೀಮೆಯವರು ಈ ಲೆಕ್ಕವನ್ನು ಹಗುರವಾಗಿ ಕಾಣಲಾಗದು. ಮಧ್ಯದ ದರ್ಜೆಯಲ್ಲಿಯೂ ಈಗ ಸಮತಟ್ಟಾಗಿ ಮಲಗುವ ಆಸನಗಳು ಬಂದಿರುವುದರಿಂದ ಅನೇಕ ಸಂಸ್ಥೆಗಳು ಪ್ರಥಮ ದರ್ಜೆಯನ್ನೇ ತೆಗೆದುಹಾಕಿವೆ. ಈ ವಿಷಯವನ್ನು ಹೊರಡುವ ಮುಂಚೆಯೇ ನಾವು ವಿಚಾರಿಸಬೇಕಾಗಿತ್ತು, ವಿಚಾರಿಸಲಿಲ್ಲ. ಮನೆಯಲ್ಲಿ ವೃದ್ಧರಿದ್ದು ಪರದೇಶಕ್ಕೆ ಕಳುಹಿಸಬೇಕಾದವರು ದರ್ಜೆಯ ಹೆಸರನ್ನು ನೋಡದೆ, ಆಸನವು ಪೂರ್ಣ ಮಲಗುವುದೇ ಇಲ್ಲವೇ ಎಂಬುದೊಂದನ್ನೇ ಕೇಳಿ ತಿಳಿಯಲಿ. ಅಷ್ಟೂ ಸಾಧ್ಯವಿಲ್ಲದವರು ನಡೆದಾಡುವ ಓಣಿಯ ಪಕ್ಕದ ಆಸನವನ್ನು ಕೇಳಿ ಪಡೆಯಲಿ. ವೈದ್ಯರು ಹೇಳಿದರೆ ಬಿಗಿಯಾದ ಕಾಲುಚೀಲ ತೊಡಿಸಲಿ. ಹಿಮ್ಮಡಿಯನ್ನೆತ್ತಿ ಇಳಿಸುವುದನ್ನು ಮೊದಲೇ ಅಭ್ಯಾಸ ಮಾಡಿಸಲಿ. ನಾವು ಹಿಂದಿನ ಸಾಲಿನಲ್ಲಿ ಇವುಗಳಲ್ಲಿ ಒಂದನ್ನೂ ಮಾಡದೆ ಕುಳಿತು, ಇಳಿದಾಗ ಪಾದರಕ್ಷೆ ಹಿಡಿಯದೆ ಕೈಯಲ್ಲಿ ಹಿಡಿದು ನಡೆದೆವು.

ಮೂರು ತಿಂಗಳ ಬಳಿಕ ಹಿಂದಿರುಗುವ ಟಿಕೇಟನ್ನು ಕೊಳ್ಳುವಾಗ ಅತ್ತೆಯೇ ಮಗನನ್ನು ಕೂರಿಸಿಕೊಂಡು ಮಾತಾಡಿದಳು. ಮಂಚ ಬೇಕು, ಕದ ಬೇಡ, ಸ್ನಾನವೂ ಬೇಡ. ಉಳಿದ ಹಣವನ್ನು ತಮ್ಮನ ಹೆಸರಿಗೆ ಕಳುಹಿಸಬೇಕು; ಅಮ್ಮ ಹೇಳಿದಳೆಂದಲ್ಲ, ಅಣ್ಣ ಕೊಟ್ಟನೆಂದೇ ಕಳುಹಿಸಬೇಕು. ಅವನು ಹಾಗೆಯೇ ಮಾಡಿದನು. ಆ ಹಣ ಸೂರಿನ ಅರ್ಧಕ್ಕೆ ಸಾಲುವಷ್ಟಾಯಿತು; ಒಂದು ಮಗ್ಗ ಆ ಮಳೆಗಾಲಕ್ಕೆ ಒಣಗಿ ಉಳಿಯಿತು, ಇನ್ನೊಂದರ ಮೇಲೆ ಈಗಲೂ ಟಾರ್ಪಾಲು ಹೊದಿಸುವರು.

ಜೂನ್ ತಿಂಗಳ ಕೊನೆಯಲ್ಲಿ ಒಟ್ಟಿಗೆ ಹಿಂದಿರುಗಿದೆವು. ಆಕೆ ಮೇಲಂತಸ್ತಿನ ಮಧ್ಯದ ದರ್ಜೆಯಲ್ಲಿ, ನಾವು ಯಥಾಪ್ರಕಾರ ಕೆಳಗೆ. ಸಾಗರದ ಮೇಲೆ ಎಲ್ಲರೂ ನಿದ್ರಿಸುತ್ತಿದ್ದ ಹೊತ್ತಿನಲ್ಲಿ ಪರಿಚಾರಿಕೆಯೊಬ್ಬಳು ನಮ್ಮ ಸಾಲಿಗೆ ಬಂದು, ಕಾಗದದ ಕರವಸ್ತ್ರದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಗಿತ್ತಳು. ಬಿಚ್ಚಿದರೆ ಎರಡು ಚಾಕೊಲೇಟು, ಒಂದು ಚಿಟಿಕೆ ಚಟ್ನಿಪುಡಿ. ಜೊತೆಗೆ ಒಂದು ಸಂದೇಶವನ್ನೂ ಆ ಹುಡುಗಿ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಒಪ್ಪಿಸಿದಳು: ಮೇಲಿರುವ ಅಜ್ಜಿ ನಿಮ್ಮನ್ನು ಎದ್ದು ನಾಲ್ಕು ಹೆಜ್ಜೆ ನಡೆಯಬೇಕೆಂದು ಹೇಳಿಕಳುಹಿಸಿದ್ದಾರೆ, ನೀವು ಎದ್ದಿರೋ ಇಲ್ಲವೋ ನೋಡಿಕೊಂಡು ಬರಲು ನನಗೆ ಅಪ್ಪಣೆಯಾಗಿದೆ. ನಾವು ಎದ್ದೆವು.